ಪ್ರಶ್ನೆಗೆ ಉತ್ತರ ಕೊಟ್ಟಿದ್ದಕ್ಕೆ 200 ರೂಪಾಯಿ ದಂಡ: ಲೈಂಗಿಕ ಶಿಕ್ಷಣದ ಒಂದು ಹಳೇ ಕೇಸು

ಇವತ್ತಿನ ವಿಷಯ ಲೈಂಗಿಕ ಶಿಕ್ಷಣ. ಈ ಪದ ಕೇಳಿದ ಕೂಡಲೇ ಕೆಲವರ ಬೆರಳು ವಾಲ್ಯೂಮ್ ಬಟನ್ ಕಡೆಗೆ ಹೋಗಿರುತ್ತೆ ಅಂತ ಗೊತ್ತು. ಆದ್ರೆ ಇದು ಡಾಕ್ಟರ್ ಸಲಹೆಯ ಎಪಿಸೋಡ್ ಅಲ್ಲ, ಇತಿಹಾಸದ ಎಪಿಸೋಡ್. ಒಂದು ಕೋರ್ಟ್ ಕೇಸಿನಿಂದ ಶುರು ಮಾಡೋಣ.

1934ನೇ ಇಸವಿ, ಬಾಂಬೆ. ಆರೋಪಿ ಸ್ಥಾನದಲ್ಲಿ ನಿಂತಿರುವವರು ಒಬ್ಬ ಮಾಜಿ ಗಣಿತ ಪ್ರೊಫೆಸರ್. ಆರೋಪ, ಅಶ್ಲೀಲ ಬರವಣಿಗೆ. ಅವರು ಮಾಡಿದ್ದು ಇಷ್ಟೇ: ತಮ್ಮ ಪತ್ರಿಕೆಗೆ ಓದುಗರು ಬರೆದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. ಹಸ್ತಮೈಥುನದ ಬಗ್ಗೆ, ಸಲಿಂಗಕಾಮದ ಬಗ್ಗೆ ಜನ ಕೇಳಿದ್ದರು. ಇವರು ವಿಜ್ಞಾನ ಏನು ಹೇಳುತ್ತೆ ಅನ್ನೋದನ್ನ ಅಚ್ಚು ಹಾಕಿಸಿದ್ದರು.

ಅವರ ಪರವಾಗಿ ವಾದಿಸಿದ ವಕೀಲರು ಯಾರು ಗೊತ್ತಾ? ಡಾ. ಬಿ.ಆರ್. ಅಂಬೇಡ್ಕರ್.

ಪೂನಾ ಒಪ್ಪಂದ ಆಗಿ ಇನ್ನೂ ಎರಡು ವರ್ಷ ಕಳೆದಿರಲಿಲ್ಲ. ಸಂವಿಧಾನ ಬರೆಯೋ ಕೆಲಸ ಇನ್ನೂ ಬಹಳ ದೂರದಲ್ಲಿತ್ತು. ನಾವು ಶಾಲೆಯಲ್ಲಿ ಓದಿದ ಅಂಬೇಡ್ಕರ್ ಪಾಠಗಳಲ್ಲಿ ಈ ಕೇಸು ಇರಲೇ ಇಲ್ಲ. ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಅವತ್ತು ಕೋರ್ಟಿನಲ್ಲಿ ನಡೆದ ವಾದ 2007ರಲ್ಲಿ ಕರ್ನಾಟಕದ ಶಾಲೆಗಳ ವಿಚಾರದಲ್ಲೂ ನಡೀತು. ಇವತ್ತಿಗೂ ಮುಗಿದಿಲ್ಲ.

ಕರ್ವೆ ಅಂದ್ರೆ ಯಾರು?

ಆ ಪ್ರೊಫೆಸರ್ ಹೆಸರು ರಘುನಾಥ ಧೋಂಡೋ ಕರ್ವೆ. ಹುಟ್ಟಿದ್ದು 1882ರಲ್ಲಿ. ಅವರ ತಂದೆಯ ಹೆಸರು ನಿಮಗೆ ಗೊತ್ತಿರಬಹುದು: ಮಹರ್ಷಿ ಧೋಂಡೋ ಕೇಶವ ಕರ್ವೆ. ವಿಧವೆಯರ ಶಿಕ್ಷಣಕ್ಕಾಗಿ ದುಡಿದವರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರು ಮಾಡಿದವರು, 1958ರಲ್ಲಿ ಭಾರತ ರತ್ನ ಪಡೆದವರು. ರಘುನಾಥರ ತಾಯಿ ರಾಧಾಬಾಯಿ ತೀರಿಕೊಂಡಿದ್ದು 1891ರಲ್ಲಿ, ಹೆರಿಗೆಯಲ್ಲಿ. ಆಗ ಹುಡುಗನಿಗೆ ಒಂಬತ್ತು ವರ್ಷ.

ಮಗ ಬಾಂಬೆಯ ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಅದು ಕ್ರೈಸ್ತ ಮಿಷನರಿಗಳ ಕಾಲೇಜು. ಗರ್ಭನಿರೋಧದ ಬಗ್ಗೆ ಬಹಿರಂಗವಾಗಿ ಮಾತಾಡೋಕೆ ಶುರು ಮಾಡಿದ ಮೇಲೆ ಆ ಕೆಲಸ ಬಿಡಬೇಕಾಯ್ತು. 1921ರಲ್ಲಿ ಬಾಂಬೆಯಲ್ಲಿ ಒಂದು ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಕ್ಲಿನಿಕ್ ತೆರೆದಿದ್ದೂ ಅದೇ 1921ರಲ್ಲಿ. ಅಂದ್ರೆ ಈ ವಿಷಯದಲ್ಲಿ ನಾವು ಪಶ್ಚಿಮ ದೇಶಗಳಿಗಿಂತ ನೂರು ವರ್ಷ ಹಿಂದೆ ಇದ್ವಿ ಅನ್ನೋ ಮಾತು ಅಷ್ಟು ಸರಿ ಅಲ್ಲ.

1927ರ ಜುಲೈನಲ್ಲಿ ಅವರು 'ಸಮಾಜಸ್ವಾಸ್ಥ್ಯ' ಅನ್ನೋ ಮರಾಠಿ ಮಾಸಿಕ ಶುರು ಮಾಡಿದರು. 1953ರಲ್ಲಿ ತೀರಿಕೊಳ್ಳುವವರೆಗೂ, ಅಂದ್ರೆ 26 ವರ್ಷ, ಅದನ್ನ ನಡೆಸಿದರು. ಗರ್ಭನಿರೋಧ, ಗುಪ್ತರೋಗ, ಮುಟ್ಟು, ದಾಂಪತ್ಯ, ಎಲ್ಲದರ ಬಗ್ಗೆ ನೇರ ಭಾಷೆಯಲ್ಲಿ ಬರೆದರು. ಹೆಣ್ಣಿನ ದೇಹದ ಮೇಲಿನ ಹಕ್ಕು ಹೆಣ್ಣಿನದೇ ಅಂದರು. ಲೈಂಗಿಕ ಸುಖ ಗಂಡಿಗೆ ಎಷ್ಟು ಸಹಜವೋ ಹೆಣ್ಣಿಗೂ ಅಷ್ಟೇ ಅಂದರು. ಇದು 1920ರ ದಶಕ ಅನ್ನೋದು ನೆನಪಿರಲಿ.

ಮನೆಯಲ್ಲಿ ದುಡ್ಡಿರಲಿಲ್ಲ. ಸಂಸಾರ ನಡೆಯೋಕೆ ಪತ್ನಿ ಮಾಲತಿ ಅವರ ದುಡಿಮೆ ದೊಡ್ಡ ಆಸರೆಯಾಗಿತ್ತು. ಅಮೋಲ್ ಪಾಲೇಕರ್ ಕರ್ವೆ ಬಗ್ಗೆ 'ಧ್ಯಾಸಪರ್ವ' ಅಂತ ಒಂದು ಸಿನಿಮಾ ಮಾಡಿದ್ದಾರೆ, ಸಿಕ್ಕರೆ ನೋಡಿ.

ಕರ್ವೆಯನ್ನ ಪೂರ್ತಿ ದೇವರು ಮಾಡೋದೂ ಬೇಡ. ಆ ಕಾಲದ ಸಂತಾನ ನಿಯಂತ್ರಣ ಚಳವಳಿಯಲ್ಲಿ 'ಯಾರು ಮಕ್ಕಳನ್ನ ಹೆರಬೇಕು, ಯಾರು ಹೆರಬಾರದು' ಅನ್ನೋ ಯೂಜೆನಿಕ್ಸ್ ಚಿಂತನೆಯ ನೆರಳು ಜಗತ್ತಿನಾದ್ಯಂತ ಇತ್ತು. ಆ ನೆರಳು ಎಷ್ಟು ಅಪಾಯಕಾರಿ ಅಂತ ಮುಂದೆ ಬರುತ್ತೆ.

ಕೋರ್ಟಿನಲ್ಲಿ ಏನಾಯ್ತು?

ಮೊದಲ ಕೇಸು 1931ರಲ್ಲಿ. ಸಂಪ್ರದಾಯವಾದಿಗಳ ದೂರು, ಬಂಧನ, 100 ರೂಪಾಯಿ ದಂಡ. ಎರಡನೆಯದು 1934ರ ಕೇಸು. ಅದನ್ನ ಅಂಬೇಡ್ಕರ್ ತೆಗೆದುಕೊಂಡರು.

ಅಶ್ಲೀಲತೆಗೆ ಬಳಸುತ್ತಿದ್ದ ಕಾನೂನು ಭಾರತೀಯ ದಂಡ ಸಂಹಿತೆಯ ಸೆಕ್ಷನ್ 292. ಯಾವುದು ಅಶ್ಲೀಲ ಅಂತ ಅಳೆಯೋಕೆ ಕೋರ್ಟುಗಳು ಅನುಸರಿಸುತ್ತಿದ್ದದ್ದು 1868ರ ಒಂದು ಇಂಗ್ಲಿಷ್ ತೀರ್ಪನ್ನ. ಅದಕ್ಕೆ ಹಿಕ್ಲಿನ್ ಪರೀಕ್ಷೆ ಅಂತಾರೆ. ಸರಳವಾಗಿ ಹೇಳ್ತೀನಿ: ಒಂದು ಬರಹ ಸುಲಭವಾಗಿ ಕೆಡಬಲ್ಲ ಮನಸ್ಸಿನವರ ಕೈಗೆ ಸಿಕ್ಕಿದರೆ ಅವರನ್ನ ಕೆಡಿಸುತ್ತಾ? ಕೆಡಿಸಬಹುದು ಅನ್ನಿಸಿದರೆ ಅದು ಅಶ್ಲೀಲ. ಬರೆದವರ ಉದ್ದೇಶ ಏನು, ಬಹುಪಾಲು ಓದುಗರಿಗೆ ಅದರಿಂದ ಏನು ಉಪಯೋಗ ಅನ್ನೋದಕ್ಕೆ ಜಾಗವೇ ಇಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟ್ ಈ ಅಳತೆಗೋಲನ್ನ ಕೈಬಿಟ್ಟಿದ್ದು ಯಾವಾಗ ಗೊತ್ತಾ? 2014ರಲ್ಲಿ!

ಅಂಬೇಡ್ಕರ್ ವಾದದ ಸಾರ ಹೀಗಿತ್ತು. ಲೈಂಗಿಕ ವಿಷಯದ ಬಗ್ಗೆ ಬರೆದ ಮಾತ್ರಕ್ಕೆ ಅದು ಅಶ್ಲೀಲ ಆಗಲ್ಲ. ಈ ಪತ್ರಿಕೆ ಇರೋದೇ ಲೈಂಗಿಕ ಆರೋಗ್ಯದ ಬಗ್ಗೆ ತಿಳಿಸೋಕೆ. ಓದುಗ ಕೇಳಿದರೆ ಸಂಪಾದಕ ಉತ್ತರ ಕೊಡಬೇಕು. ಜನರ ಪ್ರಶ್ನೆಗಳು ವಿಕೃತ ಅಂತ ನಿಮಗೆ ಅನ್ನಿಸಿದರೆ, ಆ ವಿಕೃತಿ ಹೋಗೋದು ತಿಳಿವಳಿಕೆಯಿಂದ ಮಾತ್ರ. ಹ್ಯಾವ್‌ಲಾಕ್ ಎಲ್ಲಿಸ್ ಅವರಂಥ ಸಂಶೋಧಕರ ಕೆಲಸವನ್ನೂ ಅವರು ಕೋರ್ಟಿನ ಮುಂದಿಟ್ಟರು.

ಕೇಸು ಸೋತರು. ಕರ್ವೆಗೆ 200 ರೂಪಾಯಿ ದಂಡ.

ಅಂಬೇಡ್ಕರ್ ಅಲ್ಲಿಗೆ ಬಿಡಲಿಲ್ಲ. ಅವರು ತಂದೆ-ತಾಯಿಯ 14ನೇ ಮಗು. ಬಡ ಮನೆಗಳಲ್ಲಿ ಸಾಲು ಸಾಲು ಹೆರಿಗೆ ಅಂದ್ರೆ ಏನು ಅಂತ ಅವರಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ. 1928ರಲ್ಲೇ ಬಾಂಬೆಯ ಶಾಸನ ಪರಿಷತ್ತಿನಲ್ಲಿ ಕಾರ್ಮಿಕ ಮಹಿಳೆಯರ ಹೆರಿಗೆ ಭತ್ಯೆಯ ಮಸೂದೆಯನ್ನ ಬೆಂಬಲಿಸಿದ್ದರು. 1938ರ ನವೆಂಬರ್‌ನಲ್ಲಿ ಅವರ ಪಕ್ಷದ ಪಿ.ಜೆ. ರೋಹಮ್ ಬಾಂಬೆ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣಕ್ಕೆ ಸರ್ಕಾರ ಸೌಲಭ್ಯ ಕೊಡಬೇಕು ಅನ್ನೋ ಗೊತ್ತುವಳಿ ಮಂಡಿಸಿದರು. ಅದೂ ಸೋತಿತು.

ಇನ್ನೊಂದು ವಿಷಯ. ಸಲಿಂಗಕಾಮದ ಬಗ್ಗೆ ಉತ್ತರ ಬರೆದದ್ದಕ್ಕೆ ಕರ್ವೆ ಕೋರ್ಟಿಗೆ ಹೋಗಿದ್ದು 1934ರಲ್ಲಿ. ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಮಧ್ಯೆ 84 ವರ್ಷ.

ಅದೇ ಹೊತ್ತಲ್ಲಿ ನಮ್ಮ ಮೈಸೂರಿನಲ್ಲಿ

ಬಾಂಬೆಯಲ್ಲಿ ಈ ಮಾತಾಡಿದ್ದಕ್ಕೆ ದಂಡ ಬೀಳ್ತಿದ್ದ ಕಾಲದಲ್ಲೇ ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. 1930ರ ಜೂನ್‌ನಲ್ಲಿ ಸಂಸ್ಥಾನದ ಪ್ರಮುಖ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಆಯ್ತು. ಸರ್ಕಾರವೇ ನಡೆಸುವ ಇಂಥ ಕ್ಲಿನಿಕ್‌ಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವು ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ.

ಕನ್ನಂಬಾಡಿ, ಶಿವನಸಮುದ್ರ, ಸೋಪು, ರೇಷ್ಮೆ ಅಂತ ಹೆಮ್ಮೆಯಿಂದ ಹೇಳ್ಕೋತೀವಲ್ಲ, ಆ ಪಟ್ಟಿಗೆ ಇದನ್ನ ಯಾಕೆ ಸೇರಿಸಲ್ಲ?

ಹಾಗಂತ ದೇಶ ಎಲ್ಲ ಒಪ್ಪಿಕೊಂಡಿತ್ತು ಅಂತಲ್ಲ. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರ ಜೊತೆ ಇದೇ ವಿಷಯವಾಗಿ ಮಾತಾಡಿದರು. ಗಾಂಧೀಜಿ ಕೃತಕ ಗರ್ಭನಿರೋಧಕಗಳನ್ನ ಒಪ್ಪಲಿಲ್ಲ, ಸಂಯಮವೇ ದಾರಿ ಅಂದರು. ಆದರೆ ಅದರ ಬೆನ್ನಲ್ಲೇ ತಿರುವನಂತಪುರದಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಸಂತಾನ ನಿಯಂತ್ರಣದ ಪರ ನಿರ್ಣಯ ಮಾಡಿತು. ಹೆರೋ ಹೆಂಗಸರಿಗೆ ಅದು ಸಿದ್ಧಾಂತದ ಪ್ರಶ್ನೆ ಆಗಿರಲಿಲ್ಲ, ಜೀವದ ಪ್ರಶ್ನೆ ಆಗಿತ್ತು.

ಮಾತ್ರೆ ಬಂತು, ಮಾತು ಬರಲಿಲ್ಲ

ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಶುರು ಮಾಡಿತು. ಸರ್ಕಾರದ ಮಟ್ಟದಲ್ಲಿ ಇಂಥ ಕಾರ್ಯಕ್ರಮ ತಂದ ಮೊದಲ ದೇಶ ನಮ್ಮದು. ಕರ್ವೆ ಅದನ್ನ ನೋಡಿ, ಮರುವರ್ಷ ತೀರಿಕೊಂಡರು.

ಆದರೆ ಇಲ್ಲೊಂದು ತಿರುವು ಇದೆ. ಕರ್ವೆ ಹೇಳ್ತಿದ್ದದ್ದು ಎರಡು ಮಾತು. ಒಂದು, ಗರ್ಭನಿರೋಧದ ಸಾಧನ. ಎರಡು, ದೇಹದ ತಿಳಿವಳಿಕೆ ಮತ್ತು ಅದರ ಮೇಲಿನ ಹಕ್ಕು. ಸರ್ಕಾರ ಮೊದಲನೆಯದನ್ನ ತಗೊಂಡು ಎರಡನೆಯದನ್ನ ಬಿಟ್ಟಿತು. ಕೆಂಪು ತ್ರಿಕೋನ ಗೋಡೆಗೋಡೆಗೆ ಬಂತು, ಶಾಲೆಯ ಕರಿಹಲಗೆ ಮೇಲೆ ಏನೂ ಬರಲಿಲ್ಲ. ಜನರನ್ನ ಎಣಿಸಿದರು, ಅವರಿಗೆ ತಿಳಿಸಲಿಲ್ಲ.

ತಿಳಿವಳಿಕೆ, ಒಪ್ಪಿಗೆ ಎರಡನ್ನೂ ಬಿಟ್ಟು ಗುರಿ ಮಾತ್ರ ಉಳಿಸಿಕೊಂಡರೆ ಏನಾಗುತ್ತೆ ಅನ್ನೋದನ್ನ ತುರ್ತುಪರಿಸ್ಥಿತಿ ತೋರಿಸಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಎಷ್ಟೋ ಜನರನ್ನ ಬಲವಂತದಿಂದ, ಬೆದರಿಸಿ ಕರೆದೊಯ್ದಿದ್ದರು. ಬಡವರು, ದಲಿತರು, ಮುಸ್ಲಿಮರು ಹೆಚ್ಚು ಅನುಭವಿಸಿದರು. 'ಯಾರು ಹೆರಬಾರದು' ಅನ್ನೋ ಆ ಹಳೇ ನೆರಳು ಇಲ್ಲಿ ಪೊಲೀಸ್ ವ್ಯಾನ್ ಹತ್ತಿ ಬಂತು.

ಒಪ್ಪಿಗೆ ಅನ್ನೋ ಪದ ದೊಡ್ಡವರಿಗೇ ಎಷ್ಟು ಅಪರಿಚಿತ ಆಗಿತ್ತು ಅನ್ನೋದಕ್ಕೆ ಇನ್ನೊಂದು ಉದಾಹರಣೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದ ಪ್ರಕರಣ. ಇತಿಹಾಸದಲ್ಲಿ ಅದು ಮಥುರಾ ಪ್ರಕರಣ. 1979ರಲ್ಲಿ ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನ ಬಿಡುಗಡೆ ಮಾಡಿತು. ಮೈಮೇಲೆ ಗಾಯ ಇರಲಿಲ್ಲ, ಪ್ರತಿರೋಧದ ಗುರುತು ಇರಲಿಲ್ಲ ಅನ್ನೋದು ಒಂದು ಮುಖ್ಯ ಕಾರಣ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾಗೋದು ಬೇರೆ, ಒಪ್ಪೋದು ಬೇರೆ ಅನ್ನೋದು ಅವರ ಮಾತಿನ ತಿರುಳು. ಹೆಂಗಸರು ಬೀದಿಗೆ ಇಳಿದರು. 1983ರಲ್ಲಿ ಕಾನೂನು ತಿದ್ದುಪಡಿ ಆಯ್ತು. ಇನ್ನೂ ಮೂವತ್ತು ವರ್ಷ ಕಳೆದು 2013ರಲ್ಲಿ, ದೈಹಿಕವಾಗಿ ಪ್ರತಿರೋಧ ಒಡ್ಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದನ್ನ ಒಪ್ಪಿಗೆ ಅಂತ ತಿಳಿಯಬಾರದು ಅಂತ ಕಾನೂನಿನಲ್ಲೇ ಬರೆದರು.

ಕನ್ನಡದಲ್ಲಿ ಮಾತಾಡಿದ ಡಾಕ್ಟರ್

ಸರ್ಕಾರ, ಶಾಲೆ ಎರಡೂ ಸುಮ್ಮನಿದ್ದಾಗ ಕನ್ನಡದ ಹುಡುಗಿಯರಿಗೆ ಈ ಪಾಠ ಮಾಡಿದವರು ಒಬ್ಬರಿದ್ದರು. ಡಾ. ಅನುಪಮಾ ನಿರಂಜನ. ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ವೈದ್ಯೆ, ಕಾದಂಬರಿಕಾರ್ತಿ. 'ತಾಯಿ ಮಗು', 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಅಂತ ಪುಸ್ತಕ ಬರೆದರು. ಮುಟ್ಟು ಯಾಕೆ ಆಗುತ್ತೆ, ಬಸಿರು ಹೇಗೆ ನಿಲ್ಲುತ್ತೆ, ಮೈಯಲ್ಲಿ ಏನೇನು ಬದಲಾಗುತ್ತೆ ಅಂತ ಮನೆಯ ಕನ್ನಡದಲ್ಲಿ ಹೇಳಿದರು. ನಿಮ್ಮ ಅಜ್ಜಿ ಅಥವಾ ಅಮ್ಮನ ಹತ್ರ ಈ ಹೆಸರುಗಳನ್ನ ಹೇಳಿ ನೋಡಿ. ಬೀರುವಿನಲ್ಲಿ ಸೀರೆ ಮಧ್ಯೆ ಇಟ್ಟು ಓದಿದ ಕಥೆ ಹೊರಗೆ ಬಂದರೂ ಬರಬಹುದು. ಮದುವೆಗೆ ಉಡುಗೊರೆಯಾಗಿ ಕೊಟ್ಟವರೂ ಇದ್ದಾರೆ.

ಗಮನಿಸಿ, ಇವರು ಬರೆದದ್ದನ್ನ ಓದಿ ಯಾರೂ ಹಾಳಾಗಲಿಲ್ಲ. ಭಯ ಕಡಿಮೆ ಆಯ್ತು, ಅಷ್ಟೇ.

2007: ಒಂದೇ ವರ್ಷ, ಎರಡು ಸುದ್ದಿ

ಈಗ ನಮ್ಮ ಕಾಲಕ್ಕೆ ಬರೋಣ. 2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. 2007ರಲ್ಲಿ ವಿರೋಧ ಎದ್ದಿತು. ಪಠ್ಯದ ಚಿತ್ರಗಳು ಅಶ್ಲೀಲ, ಇದು ನಮ್ಮ ಸಂಸ್ಕೃತಿ ಅಲ್ಲ, ಮಕ್ಕಳು ಕೆಡ್ತಾರೆ ಅಂದರು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಕಾರ್ಯಕ್ರಮವನ್ನ ತಡೆಯಿತು. 1930ರಲ್ಲಿ ಕ್ಲಿನಿಕ್ ತೆರೆದ ಅದೇ ನೆಲ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ವರದಿ ಕೊಟ್ಟಿತು.

ಅದೇ 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇನ್ನೊಂದು ವರದಿ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನ ಮಾತಾಡಿಸಿ ಮಾಡಿದ ಅಧ್ಯಯನ. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹುಡುಗರು. ಹೌದು, ಹುಡುಗರು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ದೌರ್ಜನ್ಯ ಮಾಡಿದವರು ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಎರಡೂ ಸುದ್ದಿಯನ್ನ ಪಕ್ಕಪಕ್ಕ ಇಟ್ಟು ಓದಿ. ಒಂದು ಕಡೆ ಮಕ್ಕಳಿಗೆ ಈ ಪದಗಳು ತಿಳಿಯೋದು ಬೇಡ ಅಂತ ದೊಡ್ಡವರು ತೀರ್ಮಾನ ಮಾಡ್ತಿದ್ದಾರೆ. ಇನ್ನೊಂದು ಕಡೆ ಅರ್ಧ ಮಕ್ಕಳಿಗೆ ಆ ಅನುಭವ ಆಗಿಹೋಗಿದೆ, ಹೇಳೋಕೆ ಪದ ಮಾತ್ರ ಇಲ್ಲ.

ನಾನು ಹೈಸ್ಕೂಲಿಗೆ ಬಂದಾಗ ಸಂತಾನೋತ್ಪತ್ತಿ ಪಾಠವನ್ನ ಮನೆಯಲ್ಲಿ ಓದ್ಕೊಳ್ಳಿ ಅಂತ ಬಿಟ್ಟಿದ್ದರು. ಪರೀಕ್ಷೆಗೆ ಚಿತ್ರ ಬರೆದು ಭಾಗಗಳನ್ನ ಗುರುತಿಸಿದ್ವಿ. ಕ್ಲಾಸಿನಲ್ಲಿ ಆ ಭಾಗಗಳ ಹೆಸರನ್ನ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಿಮ್ಮಲ್ಲಿ ಬಹಳ ಜನರ ಕಥೆ ಇದೇ ಇರುತ್ತೆ. ಉಳಿದದ್ದನ್ನ ಫೋನ್ ಕಲಿಸಿತು. ಫೋನ್ ಏನು ಕಲಿಸುತ್ತೆ ಅಂತ ನಮಗೆಲ್ಲ ಗೊತ್ತು. ಅದರಲ್ಲಿ ಒಪ್ಪಿಗೆ ಅನ್ನೋ ಅಧ್ಯಾಯ ಇರಲ್ಲ.

ಬಿ.ಕಾಂ. ಓದಿದ ನನಗೆ ಇದು ಲೆಕ್ಕಕ್ಕೆ ಬರೆಯದೆ ಉಳಿಸಿದ ಖರ್ಚಿನ ಥರ ಕಾಣುತ್ತೆ. ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಖರ್ಚು ಆಗಿಲ್ಲ ಅಂತಲ್ಲ. ಯಾರೋ ಕಟ್ಟಿರ್ತಾರೆ. ಇಲ್ಲಿ ಕಟ್ಟಿದ್ದು ಮಕ್ಕಳು.

ಕಾನೂನು ಬಂತು, ಪಾಠ ಎಲ್ಲಿ?

2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಹುಡುಗ-ಹುಡುಗಿ ಭೇದ ಇಲ್ಲದೆ 18ರ ಒಳಗಿನ ಎಲ್ಲರಿಗೂ ರಕ್ಷಣೆ. ದೌರ್ಜನ್ಯ ನಡೆದದ್ದು ಗೊತ್ತಿದ್ದೂ ದೂರು ಕೊಡದಿದ್ದರೆ ಅದೂ ಅಪರಾಧ. ಮಗುವಿನ ಗುರುತು ಬಹಿರಂಗ ಮಾಡುವಂತಿಲ್ಲ. 2013ರ ಜನವರಿಯಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕು ಅಂತ ಸ್ಪಷ್ಟವಾಗಿ ಹೇಳಿತು. 2017ರ ಖಾಸಗಿತನದ ತೀರ್ಪು ಕೂಡ ನೆನಪಿಡಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಗು ಬೇಕಾ, ಬೇಡವಾ ಅನ್ನೋ ಹೆಣ್ಣಿನ ತೀರ್ಮಾನವೂ ಆ ಹಕ್ಕಿನ ಒಳಗೇ ಬರುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತ ಕಾನೂನಿನಲ್ಲಿ ಮದುವೆಯಾದವರು, ಆಗದವರು ಅನ್ನೋ ಭೇದ ಸಲ್ಲದು ಅಂದಿತು.

ಹಕ್ಕುಗಳು ಕಾಗದದ ಮೇಲೆ ಸಾಕಷ್ಟಿವೆ. ಆದರೆ ಗೊತ್ತಿಲ್ಲದ ಹಕ್ಕನ್ನ ಬಳಸೋದು ಹೇಗೆ? 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಹದಿಹರೆಯದವರ ಪ್ರೇಮ ಪೋಕ್ಸೊ ಕೇಸಾಗಿ ಬಂದಿತ್ತು. ಕನಿಷ್ಠ 9ನೇ ತರಗತಿಯಿಂದ ಮಕ್ಕಳಿಗೆ ಈ ಕಾಯ್ದೆಯ ಬಗ್ಗೆ ತಿಳಿಸಬೇಕು ಅಂತ ಪೀಠ ಶಿಕ್ಷಣ ಇಲಾಖೆಗೆ ಸೂಚಿಸಿತು. ಕಾನೂನು ಏನು ಹೇಳುತ್ತೆ ಅಂತ ತಿಳಿಯದೆ ಎಷ್ಟೋ ಹುಡುಗರು ಜೈಲಿಗೆ ಹೋಗ್ತಿದ್ದಾರೆ, ಎಷ್ಟೋ ಹುಡುಗಿಯರು ತಮಗೆ ರಕ್ಷಣೆ ಇದೆ ಅನ್ನೋದೇ ಗೊತ್ತಿಲ್ಲದೆ ಸುಮ್ಮನಿದ್ದಾರೆ.

'ಕಲಿಸಿದರೆ ಕೆಡ್ತಾರೆ' ಅನ್ನೋ ಭಯಕ್ಕೂ ಉತ್ತರ ಇದೆ. 2018ರಲ್ಲಿ ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನ ಒಟ್ಟುಹಾಕಿ ಹೇಳಿದ್ದು: ಲೈಂಗಿಕ ಶಿಕ್ಷಣದಿಂದ ಹದಿಹರೆಯದವರ ಲೈಂಗಿಕ ಚಟುವಟಿಕೆ ಹೆಚ್ಚಾಗಲ್ಲ. ಸುರಕ್ಷತೆಯ ತಿಳಿವಳಿಕೆ ಹೆಚ್ಚುತ್ತೆ.

ಅಷ್ಟಕ್ಕೂ ಈ ಪಾಠದಲ್ಲಿ ಇರೋದೇನು? ಐದು ವರ್ಷದ ಮಗುವಿಗೆ ದೇಹದ ಭಾಗಗಳ ಸರಿಯಾದ ಹೆಸರು ಮತ್ತು 'ಬೇಡ' ಅನ್ನೋ ಹಕ್ಕು. ಹತ್ತು ವರ್ಷಕ್ಕೆ ಮುಟ್ಟು, ದನಿ ಒಡೆಯೋದು ಎರಡೂ ಹುಡುಗ-ಹುಡುಗಿ ಇಬ್ಬರಿಗೂ. ಹದಿನೈದಕ್ಕೆ ಗರ್ಭನಿರೋಧ, ಸೋಂಕು, ಕಾನೂನು. ಎಲ್ಲ ವಯಸ್ಸಿಗೂ ಒಪ್ಪಿಗೆ: ಸುಮ್ಮನಿದ್ದರೆ ಹೌದು ಅಂತಲ್ಲ, ಹೆದರಿ ಹೂಂ ಅಂದರೂ ಹೌದು ಅಂತಲ್ಲ, ನಿನ್ನೆ ಹೂಂ ಅಂದಿದ್ದರೆ ಇವತ್ತೂ ಹೂಂ ಅಂತಲ್ಲ. ಈ ಪಾಠ ಹುಡುಗಿಯರಿಗೆ ಜೋಪಾನ ಹೇಳೋಕೆ ಮಾತ್ರ ಇರೋದಲ್ಲ. ಹುಡುಗರು ಕಲಿಯದಿದ್ದರೆ ಅರ್ಧ ಪಾಠ ಬಾಕಿ.

ಎನ್‌ಸಿಆರ್‌ಬಿ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಅದೇ ಕಾಣುತ್ತೆ: ಶೇ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ. ಮನೆಯವರು, ನೆಂಟರು, ಅಕ್ಕಪಕ್ಕದವರು, ಸ್ನೇಹಿತರು. ಮನೆಯಲ್ಲಿ ಈ ಮಾತು ಬೇಡ ಅಂದಾಗ ಅದರಿಂದ ಅನುಕೂಲ ಆಗೋದು ಯಾರಿಗೆ ಅಂತ ಒಂದು ಸಲ ಯೋಚಿಸಿ.

ಕರ್ವೆಗೆ ಪತ್ರ ಬರೆದವರ ಥರದ ಓದುಗರು ಈಗಲೂ ಇದ್ದಾರೆ. ಈಗ ಅವರು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಟೈಪ್ ಮಾಡ್ತಾರೆ, ಆಮೇಲೆ ಹಿಸ್ಟರಿ ಅಳಿಸ್ತಾರೆ. ನಿಮ್ಮ ತಮ್ಮನೋ, ಅಕ್ಕನ ಮಗಳೋ ನಿಮ್ಮನ್ನೇ ಬಂದು ಕೇಳಿದರೆ ಗದರಬೇಡಿ. ಗೊತ್ತಿದ್ದಷ್ಟು ಹೇಳಿ, ಉಳಿದದ್ದಕ್ಕೆ ಡಾಕ್ಟರ ಹತ್ರ ಜೊತೆಗೆ ಹೋಗಿ. ಯಾವ ಮಗುವಾದರೂ ತೊಂದರೆಯಲ್ಲಿದೆ ಅನ್ನಿಸಿದರೆ 1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆ, ಉಚಿತ ಕರೆ.

1934ರಲ್ಲಿ ಉತ್ತರ ಕೊಟ್ಟಿದ್ದಕ್ಕೆ ದಂಡ ಇತ್ತು. ಈಗ ಇಲ್ಲ.